ದರ್ಬೆಯಲ್ಲೊಂದು ಹಳೇ ಬೈಕು

ಪುತ್ತೂರು ಪೇಟೆಯಿಂದ ಸುಳ್ಯದ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ದರ್ಬೆ ವೃತ್ತ. ಮಾಣಿ–ಮೈಸೂರು ಹೆದ್ದಾರಿ ಸುಳ್ಯಕ್ಕೆ ಹೋದರೆ, ಇನ್ನೊಂದು ರಸ್ತೆ ಸವಣೂರು, ಕಾಣಿಯೂರು ದಾಟಿ ಸುಬ್ರಹ್ಮಣ್ಯದ ಕಡೆಗೆ. 1958ರಲ್ಲಿ ಶುರುವಾದ ಸಂತ ಫಿಲೋಮಿನಾ ಕಾಲೇಜು ಇರುವುದೂ ಇಲ್ಲಿಯೇ. ಬೆಳಿಗ್ಗೆ ಒಂಬತ್ತಕ್ಕೆ ರಸ್ತೆ ದಾಟಬೇಕಾದರೆ ಬೈಕುಗಳ ಸಾಲು ಮುಗಿಯುವವರೆಗೆ ಕಾಯಬೇಕು.

ಮೊದಲು ಹೀಗಿರಲಿಲ್ಲ. ನಾನು ಬ್ಯಾಂಕಿಗೆ ಸೇರಿದ ಕಾಲಕ್ಕೆ ಬೈಕೆಂದರೆ ಬುಲೆಟ್, ರಾಜದೂತ್, ಮೈಸೂರಿನಲ್ಲೇ ತಯಾರಾಗುತ್ತಿದ್ದ ಯೆಜ್ಡಿ. 1984–85ರ ಹೊತ್ತಿಗೆ ಜಪಾನಿನ ಕಂಪನಿಗಳು ನಮ್ಮವರ ಜೊತೆ ಸೇರಿ ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ತಂದವು. ಎಲ್ಲವೂ ಹೆಚ್ಚುಕಡಿಮೆ 100 ಸಿಸಿ. ಮಕ್ಕಳೇ, ಸಿಸಿ ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಓಡಾಡುವ ಜಾಗದ ಅಳತೆ. 100 ಸಿಸಿ ಎಂದರೆ ಅರ್ಧ ಲೋಟ ನೀರು ಹಿಡಿಯುವಷ್ಟೇ ಜಾಗ! ಅಷ್ಟರಲ್ಲೇ ಇಬ್ಬರನ್ನು ಕೂರಿಸಿಕೊಂಡು ನಮ್ಮ ಘಟ್ಟದ ಬುಡದ ಏರುರಸ್ತೆ ಹತ್ತುತ್ತದೆ.

ಕಳೆದ ವರ್ಷ ನೆರೆಮನೆಯ ಹುಡುಗನಿಗೆ ಸವಣೂರು ಕಡೆ ಕೆಲಸ ಸಿಕ್ಕಿತು. ರಾತ್ರಿ ಬಿಡುವ ಹೊತ್ತಿಗೆ ಬಸ್ಸಿಲ್ಲ. ಅವನ ಅಮ್ಮ ಬೀಡಿ ಕಟ್ಟಿ ಉಳಿಸಿದ 35 ಸಾವಿರ ರೂಪಾಯಿ ಮುಂದಿಟ್ಟು, “ಅಣ್ಣಾ, ನೀವೂ ಒಮ್ಮೆ ನೋಡಿ” ಎಂದರು. ಹೋದೆ. 2016ರ ಹೋಂಡಾ ಶೈನ್, 125 ಸಿಸಿ.

“ಅಜ್ಜ, ಒಂದೇ ಕಿಕ್ಕಿಗೆ ಸ್ಟಾರ್ಟ್ ಆಗ್ತದೆ. ಅಡ್ವಾನ್ಸ್ ಕೊಡ್ಲಾ?”

“ಎಂಜಿನ್ ತಣ್ಣಗಾಗಲಿ, ಆಮೇಲೆ ಸ್ಟಾರ್ಟ್ ಮಾಡು. ಬಿಸಿ ಎಂಜಿನ್ ಹೇಗೂ ಸ್ಟಾರ್ಟ್ ಆಗ್ತದೆ.”

ತಣ್ಣಗಾದ ಮೇಲೂ ಆಯಿತು. ನೀಲಿ ಹೊಗೆ ಬರಲಿಲ್ಲ. ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ ಎಂದರ್ಥ. ನಮ್ಮೂರ ಮಳೆಗೆ ತುಕ್ಕು ಬೇಗ. ಹಾಗಾಗಿ ಸೈಲೆನ್ಸರಿನ ಅಡಿ, ಸೀಟಿನ ಕೆಳಗೆ ಬಗ್ಗಿ ನೋಡಿದೆವು. ಹ್ಯಾಂಡಲಿನ ಬುಡದಲ್ಲಿ ಕೆತ್ತಿದ ಚಾಸಿಸ್ ನಂಬರು ಆರ್‌ಸಿಯ ನಂಬರಿಗೆ ಸರಿಹೊಂದಿತು.

ಆದರೆ ಆರ್‌ಸಿಯಲ್ಲಿ ಸಾಲ ಕೊಟ್ಟ ಸಂಸ್ಥೆಯ ಹೆಸರು ಹಾಗೇ ಇತ್ತು.

“ಸಾಲ ಎಂದೋ ತೀರಿದೆ” ಎಂದರು ಮಾರುವವರು.

“ತೀರಿದ್ದರೆ ಅದಕ್ಕೊಂದು ಕಾಗದ ಇರ್ತದಲ್ಲ?” ಎಂದೆ.

ಹುಡುಗನ ಮುಖ ಸಣ್ಣದಾಯಿತು. ಅಮ್ಮನ ಹಣ ಮಾತ್ರ ಚೀಲದಲ್ಲೇ ಉಳಿಯಿತು. ಹತ್ತು ದಿನ ಅವನು ಸಿಕ್ಕವರ ಬೈಕಿನಲ್ಲಿ ಮನೆ ಸೇರಿದ. ಆಮೇಲೆ ಸಂಸ್ಥೆಯ ಪತ್ರ, ಸಹಿ ಹಾಕಿದ ಫಾರ್ಮ್ 35 ಬಂದವು. ಹೆಸರು ಬದಲಾಯಿಸಲು ಫಾರ್ಮ್ 29, 30ಕ್ಕೂ ಸಹಿ ಆಯಿತು. ಆಗಲೇ ಹಣ ಎಣಿಸಿ ಕೊಟ್ಟದ್ದು.

ಇನ್ನೊಂದು ಮಾತು. ಆರ್‌ಸಿಗೆ 15 ವರ್ಷದ ಆಯುಸ್ಸು. ಆಮೇಲೆ ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅಗ್ಗಕ್ಕೆ ಸಿಕ್ಕಿದ ಗಾಡಿಗೆ ಈ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಹೆಲ್ಮೆಟ್ ಮಾತ್ರ ಹಳೆಯದು ಬೇಡ, ಹೊಸದೇ ಇರಲಿ.

ಅಜ್ಜಂದಿರೇ, ಮೊಮ್ಮಕ್ಕಳು ಬೈಕಿನ ಬಣ್ಣ ನೋಡಲಿ. ನೀವು ಕನ್ನಡಕ ಹಾಕಿಕೊಂಡು ಆರ್‌ಸಿ ಓದಿ.