ಬೆವರಿನ ಉಪ್ಪು

ಆಳಂದಿಯಿಂದ ಪಂಢರಪುರಕ್ಕೆ ಸುಮಾರು 250 ಕಿಲೋಮೀಟರ್. ಆಷಾಢದ ವಾರಿಯಲ್ಲಿ ಈ ದಾರಿ ತುಳಿದವರ ಅಂಗಿ ಸಂಜೆಗೆ ಒಣಗಿದಾಗ ಬೆನ್ನ ಮೇಲೆ ಬಿಳಿಯ ಗೆರೆಗಳು ಮೂಡಿರುತ್ತವೆ. ನೀರು ಆವಿಯಾಗಿ ಹೋಗಿರುತ್ತದೆ; ಉಪ್ಪು ಬಟ್ಟೆಯಲ್ಲಿ ಉಳಿದಿರುತ್ತದೆ. ಲೀಟರು ಬೆವರಿನೊಡನೆ ದೇಹ ಕಳೆದುಕೊಳ್ಳುವ ಸೋಡಿಯಂ ಸಾಮಾನ್ಯವಾಗಿ ಅರ್ಧ ಗ್ರಾಮಿನಿಂದ ಒಂದೂವರೆ ಗ್ರಾಮಿನವರೆಗೆ; ಪೊಟ್ಯಾಸಿಯಂ ಅದಕ್ಕಿಂತ ಬಹಳ ಕಡಿಮೆ.

ಎಲ್ಲರ ಬೆನ್ನೂ ಒಂದೇ ಸಮನೆ ಬೆಳ್ಳಗಾಗುವುದಿಲ್ಲ. ಬೆವರಿನ ಗ್ರಂಥಿಯ ಬುಡದಲ್ಲಿ ಹುಟ್ಟುವ ದ್ರವದಲ್ಲಿ ಸೋಡಿಯಂ ಹೆಚ್ಚುಕಡಿಮೆ ರಕ್ತದಲ್ಲಿರುವಷ್ಟೇ ಇರುತ್ತದೆ. ಅದು ನಾಳದ ಮೂಲಕ ಚರ್ಮದ ಕಡೆಗೆ ಏರುವಾಗ ದೇಹವು ಅದರಲ್ಲಿ ಬಹುಪಾಲನ್ನು ಮರಳಿ ಹೀರಿಕೊಳ್ಳುತ್ತದೆ. ಒಂದೆರಡು ವಾರ ಬಿಸಿಲಿನಲ್ಲಿ ದುಡಿದ ಮೈ ಈ ಮಿತವ್ಯಯವನ್ನು ಇನ್ನಷ್ಟು ಕಲಿಯುತ್ತದೆ: ಬೆವರು ಹೆಚ್ಚುತ್ತದೆ, ಅದರೊಳಗಿನ ಉಪ್ಪು ತಗ್ಗುತ್ತದೆ. ಜತ್ತ, ಅಕ್ಕಲಕೋಟೆಯ ಹೊಲಗಳಲ್ಲಿ ಬೇಸಿಗೆ ಕಳೆದ ರೈತನಿಗೆ ಇದು ನಡಿಗೆಗೆ ಮೊದಲೇ ಕೈಗೂಡಿರುತ್ತದೆ. ತರಗತಿಯ ಫ್ಯಾನಿನಡಿಯಿಂದ ಎದ್ದು ಬಂದ ಯುವಕ ಅವನ ಸಮಕ್ಕೆ ಹೆಜ್ಜೆ ಹಾಕಬಲ್ಲ. ಅವನ ಬೆವರನ್ನು ಮಾತ್ರ ಒಂದು ದಿನದಲ್ಲಿ ಪಡೆಯಲಾರ.

ಉಪ್ಪು ತಿಂದವನು ನೀರು ಕುಡಿಯಲೇಬೇಕೆಂಬ ಗಾದೆ ಕನ್ನಡದಲ್ಲಿದೆ. ನೀರು ಕುಡಿದವನ ಉಪ್ಪಿನ ವಿಚಾರ ಗಾದೆಯಲ್ಲಿಲ್ಲ. ದಾರಿಯಲ್ಲಿ ಅದೇ ಮುಖ್ಯವಾಗುತ್ತದೆ. ದಣಿದವನಿಗೆ ನೀರು ಕೊಡುವುದು ಪುಣ್ಯವೇ, ನೀರಿಲ್ಲದೆ ನಡೆದರೆ ಪ್ರಾಣಕ್ಕೆ ಕುತ್ತು ಎಂಬುದೂ ನಿಜ. ಆದರೆ ಬಾಯಾರಿಕೆ ತೀರಿದ ಮೇಲೂ ತಂಬಿಗೆಯ ಮೇಲೆ ತಂಬಿಗೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ನೀರು ಮಿದುಳಿನ ಜೀವಕೋಶಗಳೊಳಗೆ ಹೊಕ್ಕು ಅವು ಊದಿಕೊಳ್ಳುತ್ತವೆ. 2002ರ ಬೋಸ್ಟನ್ ಮ್ಯಾರಥಾನಿನ ಕೊನೆಯಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಡುತ್ತ ಓಡುತ್ತ ತೂಕ ಹೆಚ್ಚಿಸಿಕೊಂಡವರಲ್ಲಿ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲಿ, ಈ ಕುಸಿತ ಎದ್ದು ಕಂಡಿತು. ಅಂಗಡಿಯ ಬಣ್ಣದ ಪಾನೀಯವೂ ಇಂಥ ಅತಿಯಿಂದ ಕಾಪಾಡದು. ಅದರಲ್ಲಿರುವ ಸೋಡಿಯಂ ಬೆವರಿನಲ್ಲಿರುವುದಕ್ಕಿಂತ ಸಾಮಾನ್ಯವಾಗಿ ಕಡಿಮೆ.

ತಲೆನೋವು, ವಾಂತಿ, ತೊದಲು ಮಾತು, ದಿಕ್ಕು ತೋಚದ ನೋಟ. ನೋಡಿದವರಿಗೆ ಇದು ಬಿಸಿಲಿನ ಬಳಲಿಕೆಯಂತೆಯೇ ತೋರುತ್ತದೆ. ಕರುಣೆಯಿಂದಲೇ ಮತ್ತೊಂದು ತಂಬಿಗೆ ನೀರು ಬರುತ್ತದೆ. ಅದೇ ಅವನನ್ನು ಕೊಲ್ಲಬಹುದು. ಮಾತು ತಪ್ಪಿದವನನ್ನು ಕುಡಿಸುತ್ತ ಕೂರಿಸದೆ ವೈದ್ಯರ ಬಳಿಗೆ ಒಯ್ಯಬೇಕು.

ಹಳಬರ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಪ್ಪಿನಕಾಯಿ ಇರುತ್ತವೆ. ಅವರು ಮರದ ನೆರಳಿನಲ್ಲಿ ಕುಳಿತು ಅದನ್ನು ಬಿಚ್ಚುತ್ತಾರೆ, ಬಾಯಾರಿದಷ್ಟು ನೀರು ಕುಡಿಯುತ್ತಾರೆ, ಮತ್ತೆ ಏಳುತ್ತಾರೆ.