ಹತ್ತೂವರೆ ಕ್ವಿಂಟಾಲ್ ಕಂಪ್ಯೂಟರ್

ನಮ್ಮ ಸೀಮೆಯಲ್ಲಿ ದೊಡ್ಡ ಖರ್ಚನ್ನು ರೂಪಾಯಿಯಲ್ಲಿ ಎಣಿಸುವ ರೂಢಿಯಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನ ಯಾವ ತೆಂಗಿನ ತೋಟದವನನ್ನಾದರೂ ಮಗಳ ಮದುವೆಗೆ ಎಷ್ಟಾಯಿತು ಎಂದು ಕೇಳಿ ನೋಡಿ. ಅವನು ಮೊದಲು ತಲೆಯೆತ್ತಿ ಅಟ್ಟದ ಕಡೆ ನೋಡುತ್ತಾನೆ. ಆಮೇಲೆ, "ಒಂದು ಅಟ್ಟ ಖಾಲಿಯಾಯ್ತು" ಎನ್ನುತ್ತಾನೆ. ಬೋರು ಕೊರೆಸಿದ್ದು ಇಷ್ಟು ಕ್ವಿಂಟಾಲ್, ಮೋಟಾರು ಸುಟ್ಟು ಸುತ್ತಿಸಿದ್ದು ಇಷ್ಟು ಮೂಟೆ, ಆಸ್ಪತ್ರೆಯ ಖರ್ಚು ಇಷ್ಟು ಸಾವಿರ ಕಾಯಿ. ನಮ್ಮ ನಾಣ್ಯಶಾಸ್ತ್ರವೇ ಹೀಗೆ.

ತಿಪಟೂರಿನ ಉಂಡೆ ಕೊಬ್ಬರಿ ಆತುರಗಾರರ ಬೆಳೆಯಲ್ಲ. ಬಲಿತ ಕಾಯಿಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಬೇಕು. ಎಂಟು ಹತ್ತು ತಿಂಗಳು, ಕೆಲವೊಮ್ಮೆ ಒಂದು ವರುಷ, ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಅದು ಅಲ್ಲೇ ಕೂತಿರಬೇಕು. ಕಾಯುವ ವಿದ್ಯೆಯನ್ನು ನಾವು ಕಾಯಿಯಿಂದಲೇ ಕಲಿತವರು. ಇಂಥ ಊರಿಗೆ ಕಂಪ್ಯೂಟರ್ ಎಂಬ ಪದಾರ್ಥ ಬಂತು. ಕೊಬ್ಬರಿ ಕೂತಷ್ಟೂ ಹದವಾಗುತ್ತದೆ. ಇದು ಅಂಗಡಿಯಿಂದ ಮನೆಗೆ ಬರುವಷ್ಟರಲ್ಲೇ ಹಳೆಯದಾಗಿರುತ್ತದೆ. ಎರಡರ ಲೆಕ್ಕವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಕೆಲಸ 2023ರಲ್ಲಿ ನನ್ನ ಪಾಲಿಗೆ ಬಂತು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು, ತಿಪಟೂರಿನಲ್ಲಿ ಮನೆ. ತಮ್ಮ ತುರುವೇಕೆರೆ ತಾಲ್ಲೂಕಿನ ನಮ್ಮ ಊರಿನಲ್ಲೇ ತೋಟ ನೋಡಿಕೊಂಡಿದ್ದಾನೆ. ಅವನ ಮಗಳಿಗೆ ಆ ವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತು, ಕಂಪ್ಯೂಟರ್ ಸೈನ್ಸ್. ಸೀಟು ಸಿಕ್ಕ ಸಂತೋಷ ಮೂರು ದಿನ. ನಾಲ್ಕನೆಯ ದಿನ ಲ್ಯಾಪ್‌ಟಾಪಿನ ಮಾತು ಬಂತು. ಮಗಳು ಹೇಳಿದ ಬೆಲೆ 85,000 ರೂಪಾಯಿ.

ಆ ವರ್ಷ ಕೊಬ್ಬರಿಯ ಸ್ಥಿತಿ ಏನಿತ್ತೆಂದು ಈ ಸೀಮೆಯವರಿಗೆ ಹೇಳಬೇಕಾಗಿಲ್ಲ. ಸರ್ಕಾರ ಬೆಂಬಲ ಬೆಲೆ ಎಂದು ಕ್ವಿಂಟಾಲಿಗೆ 11,750 ರೂಪಾಯಿ ಗೊತ್ತು ಮಾಡಿದ್ದರೂ, ತಿಪಟೂರಿನ ಮಾರುಕಟ್ಟೆಯಲ್ಲಿ ಬೆಲೆ 8,000ದ ಆಸುಪಾಸಿಗೆ ಬಿದ್ದಿತ್ತು. ರೈತರು ಬೀದಿಗಿಳಿದು ಧರಣಿ ಕೂತಿದ್ದರು. ತಮ್ಮ ನನ್ನ ಮನೆಗೆ ಬಂದು ಚಾಪೆಯ ಮೇಲೆ ಕೂತವನೇ, "ಅಣ್ಣ, ಹತ್ತೂವರೆ ಕ್ವಿಂಟಾಲಿನ ಮೇಲಾಯ್ತದೆ" ಎಂದ. ಕ್ವಿಂಟಾಲಿಗೆ ನಮ್ಮ ತೋಟದ ಲೆಕ್ಕದಲ್ಲಿ ಆರೂವರೆ, ಏಳು ನೂರು ಕಾಯಿ ಬೇಕು. ಅಂದರೆ ಸುಮಾರು ಏಳು ಸಾವಿರ ಕಾಯಿ ಒಂದು ತೊಡೆಯಗಲದ ಪೆಟ್ಟಿಗೆಗೆ! ಅವನು ಮುಂದಿನ ಮಾತನ್ನು ಮೆಲ್ಲಗೆ ಕೇಳಿದ: "ಇದ್ರಲ್ಲಿ ಓದೋದು ಎಷ್ಟಣ್ಣ, ಆಡೋದು ಎಷ್ಟು?"

ಪ್ರಶ್ನೆ ಅಂದರೆ ಇದು! ಇದನ್ನು ಕೇಳಬೇಕಾದ್ದು ಮಗಳನ್ನು. ಆದರೆ ನಮ್ಮ ಮನೆಗಳಲ್ಲಿ ಅಪ್ಪ ಮಗಳನ್ನು ನೇರವಾಗಿ ಕೇಳುವುದಿಲ್ಲ, ಮಗಳು ಅಪ್ಪನಿಗೆ ನೇರವಾಗಿ ಹೇಳುವುದಿಲ್ಲ. ಅದಕ್ಕೇ ದೇವರು ದೊಡ್ಡಪ್ಪಂದಿರನ್ನು ಸೃಷ್ಟಿಸಿದ್ದಾನೆ.

ಅಷ್ಟರಲ್ಲಿ ಸಲಹೆಗಳ ಸುರಿಮಳೆಯಾಯಿತು. ಚಿಕ್ಕನಾಯಕನಹಳ್ಳಿಯ ನನ್ನ ಭಾವಮೈದ, ತನ್ನ ಕಚೇರಿಯಲ್ಲಿ ವಿಲೇವಾರಿಗೆ ಬಂದ ಹಳೆಯ ಲ್ಯಾಪ್‌ಟಾಪ್ ಹದಿನೈದು ಸಾವಿರಕ್ಕೆ ಸಿಗುತ್ತದೆ ಎಂದ. ಅಗ್ಗವೇ ಸರಿ, ಆದರೆ ಅದರ ಪ್ರೊಸೆಸರ್ ವಿಂಡೋಸ್ 11ಕ್ಕೆ ಒಗ್ಗದಷ್ಟು ಹಳೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆಂದು ಆಗಲೇ ಪ್ರಕಟವಾಗಿತ್ತು. ಹುಡುಗಿಯ ಓದು ಮುಗಿಯುವುದು 2027ಕ್ಕೆ. ನಡುದಾರಿಯಲ್ಲಿ ಕೈಬಿಡುವ ಎತ್ತನ್ನು ಅಗ್ಗವೆಂದು ಹಿಡಿಯುವವರುಂಟೆ?

ತಮ್ಮನ ಮಗ, ಹತ್ತನೆಯ ತರಗತಿಯ ಭೂಪ, ಬೇರೆಯದೇ ರಾಗ ತೆಗೆದ. "ದೊಡ್ಡಪ್ಪ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದರೆ ಅದೇ ದುಡ್ಡಿಗೆ ಎರಡರಷ್ಟು ಜೋರಿನ ಡೆಸ್ಕ್‌ಟಾಪ್ ಬರುತ್ತದೆ." ಮಾತಿನಲ್ಲಿ ನಿಜವಿದೆ. ಒಂದೇ ಬೆಲೆಗೆ ಡೆಸ್ಕ್‌ಟಾಪು ಲ್ಯಾಪ್‌ಟಾಪಿಗಿಂತ ಗಟ್ಟಿ. ಬಿಸಿಯನ್ನು ಹೊರಗೆ ಹಾಕಲು ಜಾಗವಿರುತ್ತದೆ, ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಆದರೆ ಅದು ಕೂರುವುದೆಲ್ಲಿ? ಹಾಸ್ಟೆಲಿನ ಮೂರಡಿ ಮೇಜಿನ ಮೇಲೆ ಕೂರದು. ಊರಿನ ಮನೆಯಲ್ಲಿ ಕೂತರೆ ಓದುವವಳು ಬೆಂಗಳೂರಿನಲ್ಲಿ, ಕಂಪ್ಯೂಟರ್ ತುರುವೇಕೆರೆಯಲ್ಲಿ, ಆಡುವವನು ಮಾತ್ರ ಅದರ ಮುಂದೆ! ಭೂಪನ ಉಪಾಯದ ತಿರುಳು ಅಲ್ಲೇ ಇತ್ತು.

ಊರಿನ ಕರೆಂಟಿನದೂ ಒಂದು ಕಥೆ. ಆಡುವ ಡೆಸ್ಕ್‌ಟಾಪು ಜೋರಾಗಿ ದುಡಿಯುವಾಗ ಪರದೆಯೂ ಸೇರಿ 400 ವ್ಯಾಟ್ ಎಳೆಯಿತೆಂದು ಇಟ್ಟುಕೊಳ್ಳಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 600 ವಿ.ಎ. ಯುಪಿಎಸ್ ಹೊರುವುದು 360 ವ್ಯಾಟ್ ಇದ್ದೀತು. ಕರೆಂಟು ಹೋದ ಕ್ಷಣವೇ ಯುಪಿಎಸ್ಸೂ ಕೈಯೆತ್ತುತ್ತದೆ. ಅದರ ದೊಡ್ಡಣ್ಣನನ್ನೇ ತರಬೇಕು. 400 ವ್ಯಾಟ್ ಎರಡೂವರೆ ಗಂಟೆ ಉರಿದರೆ ಒಂದು ಯೂನಿಟ್. ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ 36 ಯೂನಿಟ್. ಆ ವರ್ಷವೇ ಗೃಹಜ್ಯೋತಿ ಬಂದಿತ್ತು. ಹಿಂದಿನ ವರ್ಷದ ಬಳಕೆ ನೋಡಿ ಮನೆಮನೆಗೂ ಮಿತಿ ಹಾಕಿದ್ದರು. ಮಿತಿ ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಇದಲ್ಲದೆ ಅಟ್ಟದಲ್ಲಿ ಕಾಯಿಯಿರುವ ಮನೆಯಲ್ಲಿ ಇಲಿಯಿರುತ್ತದೆ, ಇಲಿಗೆ ವೈರೆಂದರೆ ಬೋಂಡ. ಡೆಸ್ಕ್‌ಟಾಪಿನ ಮಾತು ಅಲ್ಲಿಗೆ ನಿಂತಿತು. ಲ್ಯಾಪ್‌ಟಾಪಿಗಾದರೋ ಬ್ಯಾಟರಿ ಹೊಟ್ಟೆಯೊಳಗೇ ಇದೆ.

ಉಳಿದದ್ದು 85,000ದ ಪ್ರಶ್ನೆ. ಒಂದು ಭಾನುವಾರ ಹುಡುಗಿಯನ್ನು ಕರೆಸಿಕೊಂಡೆ. "ಏನವ್ವ, ಯಾಕೆ ಇದೇ ಬೇಕು?" ಎಂದೆ. ಗಿಳಿಯಂತೆ ಒಪ್ಪಿಸಿದಳು: ಇಂಜಿನಿಯರಿಂಗ್ ಅಂದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು, ಕೃತಕ ಬುದ್ಧಿಮತ್ತೆಯ ಪಾಠ ಬರುತ್ತದೆ, ನಾಲ್ಕು ವರ್ಷ ಬಾಳಬೇಕು. ಅಂಗಡಿಯವನ ಮಾತು ಅಂಗಡಿಯವನ ಧಾಟಿಯಲ್ಲೇ ಇತ್ತು. ನಾನು ಹಳೆಯ ಮೇಷ್ಟರ ಪದ್ಧತಿಯಂತೆ ಒಂದು ಹಾಳೆಯ ನಡುವೆ ಗೆರೆ ಎಳೆದೆ. ಎಡಗಡೆ 'ಓದಿಗೆ', ಬಲಗಡೆ 'ಆಟಕ್ಕೆ'. "ಎರಡೂ ಕಡೆ ನಿಜ ಬರೀಬೇಕು. ಬಲಗಡೆ ಬರೆದದ್ದಕ್ಕೆ ಬೈಯುವವರು ಇಲ್ಲಿ ಯಾರೂ ಇಲ್ಲ" ಎಂದೆ.

ಅವಳು ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಹುಡುಗ ಆಡುತ್ತಾನೆಂದರೆ ನಮ್ಮಲ್ಲಿ ಬೈಗುಳದ ಜೊತೆಗೆ ಒಂದಿಷ್ಟು ನಗುವೂ ಇರುತ್ತದೆ. ಹೆಣ್ಣುಮಗು ಆಡುತ್ತದೆಂದರೆ ಆ ನಗು ಇರುವುದಿಲ್ಲ. ತಮ್ಮನ ಫೋನಿನಲ್ಲಿ, ಗೆಳತಿಯ ಮನೆಯ ಕಂಪ್ಯೂಟರಿನಲ್ಲಿ ಅವಳು ಆಡುತ್ತಿದ್ದುದು ಅವಳ ಅಮ್ಮನಿಗೂ ತಿಳಿಯದು. ಗುಡಿಯ ಜಗಲಿಕಲ್ಲಿನ ಮೇಲೆ ಚೌಕಾಬಾರದ ಮನೆ ಕೊರೆದಿಟ್ಟ ಹಿರಿಯರ ಮೊಮ್ಮಕ್ಕಳು ನಾವು. ಆಟವನ್ನು ದೇವರ ಕಣ್ಣೆದುರಿಗೇ ಇಟ್ಟವರು ಅವರು. ಅದನ್ನು ಬಚ್ಚಿಡುವ ವಿದ್ಯೆಯನ್ನು ನಾವು ಯಾವಾಗ ಕಲಿತೆವೋ!

ಕೊನೆಗೆ ಬರೆದಳು. ಎಡಗಡೆ: ಸಿ, ಪೈಥಾನ್, ಜಾವಾ, ಡೇಟಾಬೇಸ್, ಒಂದು ಗಣಕದೊಳಗೇ ಇನ್ನೊಂದು ಗಣಕವಿರುವಂತೆ ಓಡಿಸುವ ವರ್ಚುವಲ್ ಮಶೀನು, ಕೃತಕ ಬುದ್ಧಿಮತ್ತೆ. ಬಲಗಡೆ: ಮೈನ್‌ಕ್ರಾಫ್ಟ್, ವ್ಯಾಲೊರಂಟ್, ಯೂರೋ ಟ್ರಕ್ ಸಿಮ್ಯುಲೇಟರ್ 2, ಜಿ.ಟಿ.ಎ. 5.

ಈಗ ಒಂದೊಂದರ ಎದುರಿಗೂ ಅದಕ್ಕೆ ಬೇಕಾದ್ದನ್ನು ಬರೆಯುತ್ತ ಹೋದೆವು. ಎಡಗಡೆಯವು ಕೇಳುವುದು ಮುಖ್ಯವಾಗಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ. ವರ್ಚುವಲ್ ಮಶೀನು ಓಡಿಸಲು 16 ಜಿ.ಬಿ. ರ‍್ಯಾಮ್ ಇದ್ದರೆ ಹಿತ. ಗ್ರಾಫಿಕ್ಸ್ ಕಾರ್ಡನ್ನು ಅವು ಕೇಳುವುದೇ ಇಲ್ಲ. ಕೃತಕ ಬುದ್ಧಿಮತ್ತೆಯ ಪಾಠಕ್ಕೆ ಗೂಗಲ್ಲಿನ ಕೊಲ್ಯಾಬ್ ಎಂಬ ವ್ಯವಸ್ಥೆಯಿದೆ. ವಿದ್ಯಾರ್ಥಿ ಮಟ್ಟದ ಲೆಕ್ಕಗಳನ್ನು ಅವರದೇ ಯಂತ್ರದಲ್ಲಿ ಪುಕ್ಕಟೆ ಮಾಡಿಕೊಳ್ಳಬಹುದು. ಸಿವಿಲ್, ಮೆಕ್ಯಾನಿಕಲ್ ಓದುವವರ ಮಾತು ಬೇರೆ. ಮೂರು ಆಯಾಮದ ದೊಡ್ಡ ನಕ್ಷೆ ಬರೆಯುವವರಿಗೆ ಕಾರ್ಡಿನ ಉಪಯೋಗವಿದೆ.

ಬಲಗಡೆಗೆ ಬಂದೆವು. ವ್ಯಾಲೊರಂಟ್ ಎಂಬುದು ಸಾಧಾರಣ ಗಣಕದಲ್ಲೂ ಓಡಲೆಂದೇ ಮಾಡಿದ ಆಟ. ಮೈನ್‌ಕ್ರಾಫ್ಟಿಗೂ ಪ್ರೊಸೆಸರಿನ ಜೊತೆಗೇ ಬರುವ ಗ್ರಾಫಿಕ್ಸ್ ಸಾಕು. ಜಿ.ಟಿ.ಎ. 5 ಬಂದದ್ದೇ 2013ರಲ್ಲಿ, ಕಂಪ್ಯೂಟರಿಗೆ ಬಂದದ್ದು 2015ರಲ್ಲಿ. ಲಾರಿ ಆಟ 2012ರದು. ಎರಡಕ್ಕೂ 4 ಜಿ.ಬಿ.ಯ ಸಣ್ಣ ಕಾರ್ಡು ಧಾರಾಳ. ಹಾಗಾದರೆ 85,000ದ ಯಂತ್ರದಲ್ಲಿದ್ದ ದೊಡ್ಡ ಕಾರ್ಡು ಯಾವುದಕ್ಕೆ? ಎಡಗಡೆಯಲ್ಲೂ ಅದನ್ನು ಕೇಳುವವರಿಲ್ಲ, ಬಲಗಡೆಯಲ್ಲೂ ಇಲ್ಲ. ಹುಡುಗಿ ಹಾಳೆಯನ್ನೇ ನೋಡುತ್ತ ಕೂತು, ಆಮೇಲೆ ನಕ್ಕುಬಿಟ್ಟಳು.

ನನ್ನ ಗಣಿತಕ್ಕೆ ಅಂದು ಹೊಳೆದ ಸೂತ್ರ ಇಷ್ಟು: ಮುಚ್ಚಿಟ್ಟ ಆಸೆಗೆ ಬೆಲೆ ಜಾಸ್ತಿ. ಆಟಕ್ಕೆ ಬೇಕು ಎಂದು ಹೇಳಲಾಗದವರು ಓದಿಗೆ ಬೇಕು ಎಂದು ಹೇಳಬೇಕಾಗುತ್ತದೆ. ಓದು ದೊಡ್ಡದು, ಅದರ ಹೆಸರಿನಲ್ಲಿ ಕೇಳುವಾಗ ಅತಿ ದೊಡ್ಡದನ್ನೇ ಕೇಳಬೇಕು. ಅಪ್ಪನಿಗೆ ಅನುಮಾನ, ಆದರೆ ಓದಿಗೆ ಇಲ್ಲ ಎನ್ನುವ ಅಪ್ಪ ಈ ಸೀಮೆಯಲ್ಲಿ ಹುಟ್ಟಿಲ್ಲ. ಅವನು ಅಟ್ಟ ಹತ್ತುತ್ತಾನೆ. ಆಟದ ಹೆಸರು ಹೇಳಿ ಕೇಳಿದರೆ ಆಟಕ್ಕೆ ಎಷ್ಟು ಬೇಕೋ ಅಷ್ಟೇ ಸಾಕಾಗುತ್ತದೆ.

ತಮ್ಮನಿಗೆ ಹಾಳೆ ತೋರಿಸಿದೆ. ಬಲಗಡೆಯನ್ನು ಅವನು ಎಡಗಡೆಗಿಂತ ಹೆಚ್ಚು ಹೊತ್ತು ನೋಡಿದ. "ಆಡ್ಲಿ ಬಿಡಣ್ಣ. ಹೇಳಿ ಆಡ್ಲಿ" ಎಂದ. ಅವನ ಬಾಯಿಂದ ಅಷ್ಟು ಬಂದದ್ದು ದೊಡ್ಡದು.

ಮುಂದಿನ ವಾರ ಬಾಣಸಂದ್ರದಲ್ಲಿ ರೈಲು ಹತ್ತಿದ ಅಪ್ಪ, ಮಗಳು ತಿಪಟೂರಿನಿಂದ ಬಂದ ನನ್ನನ್ನು ಡಬ್ಬಿಯೊಳಗೇ ಕೂಡಿಕೊಂಡರು. ಬೆಂಗಳೂರಿನಲ್ಲಿ ಅರ್ಧ ದಿನ ಸುತ್ತಿ 58,000ಕ್ಕೆ ಒಂದನ್ನು ಕೊಂಡೆವು: 8 ಜಿ.ಬಿ. ರ‍್ಯಾಮ್, ಇನ್ನೊಂದು ರ‍್ಯಾಮಿಗೆ ಖಾಲಿ ಜಾಗ, 512 ಜಿ.ಬಿ. ಎಸ್‌ಎಸ್‌ಡಿ, 4 ಜಿ.ಬಿ.ಯ ಸಣ್ಣ ಕಾರ್ಡು, ತೂಕ ಎರಡು ಕಿಲೋ ಚಿಲ್ಲರೆ. ಖಾಲಿ ಜಾಗ ಇದೆಯೇ ಎಂದು ಮೂರು ಸಲ ಕೇಳಿದ್ದು ತಮ್ಮನೇ. ಎರಡು ಸಾಲಿನ ನಡುವೆ ಜಾಗ ಬಿಟ್ಟು ಗಿಡ ನೆಡುವವನಿಗೆ ಅದರ ಬೆಲೆ ಗೊತ್ತು. ಆ ಜಾಗಕ್ಕೆ ಮರುವರ್ಷ ಎರಡು ಸಾವಿರದೊಳಗೆ ಇನ್ನೊಂದು 8 ಜಿ.ಬಿ. ಬಂದು ಕೂತಿತು. 2025ರ ಕೊನೆಗೆ, ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಜಗತ್ತಿನ ರ‍್ಯಾಮನ್ನೆಲ್ಲ ಬಾಚಿಕೊಳ್ಳತೊಡಗಿ ಅದರ ಬೆಲೆ ಏರಿದಾಗ, ತಮ್ಮ ಫೋನು ಮಾಡಿ, "ನಮ್ಮದು ಆಗಲೇ ಹಾಕ್ಸಿದ್ವಲ್ಲಣ್ಣ" ಎಂದು ಖಾತ್ರಿ ಮಾಡಿಕೊಂಡ.

ಉಳಿದ 27,000ವನ್ನು ಕೊಬ್ಬರಿಗೆ ತಿರುಗಿಸಿದರೆ ಅಂದಿನ ಬೆಲೆಯಲ್ಲಿ ಮೂರು ಕ್ವಿಂಟಾಲಿನ ಮೇಲಾಯಿತು. ಅಷ್ಟು ಕಾಯಿ ಅಟ್ಟದಲ್ಲೇ ಉಳಿದು, 2024ರ ಬೆಂಬಲ ಬೆಲೆಯ ಖರೀದಿಯಲ್ಲಿ ಕ್ವಿಂಟಾಲಿಗೆ 12,000ದಂತೆ ನಾಫೆಡ್ಡಿಗೆ ಹೋಯಿತು. ಕೈಗೆ ಬಂದದ್ದು ನಲವತ್ತು ಸಾವಿರ. ಎರಡನೆಯ ವರ್ಷದ ಹಾಸ್ಟೆಲ್ ಫೀಜಿಗೆ ಆಯಿತು. 2025ರಲ್ಲಿ ಬೆಲೆ 20,000ವನ್ನೂ ದಾಟಿದ್ದನ್ನು ಕಂಡು ಕೆಲವರು, "ಆಗ ಮಾರದೆ ಕಾದಿದ್ದರೆ ನಾಲ್ಕೂಕಾಲು ಕ್ವಿಂಟಾಲಿಗೆ ಆ ದೊಡ್ಡ ಕಂಪ್ಯೂಟರೇ ಬರುತ್ತಿತ್ತಲ್ಲ" ಎಂದರು. ಕೊಬ್ಬರಿ ಕಾಯಬಹುದು, ಸಿಕ್ಕ ಸೀಟು ಕಾಯುತ್ತದೆಯೇ?

ಕಳೆದ ದಸರೆ ರಜೆಗೆ ಹುಡುಗಿ ಊರಿಗೆ ಬಂದಿದ್ದಳು. ನಡುಮನೆಯಲ್ಲೇ, ಎಲ್ಲರೆದುರಿಗೆ, ಲಾರಿ ಆಟ ಹಾಕಿದಳು. ಯೂರೋಪಿನ ಯಾವುದೋ ಊರಿನಿಂದ ಇನ್ನೊಂದು ಊರಿಗೆ ಲೋಡು ಹೊತ್ತು, ಮಳೆಯಲ್ಲಿ, ದೀಪ ಹಾಕಿಕೊಂಡು ಲಾರಿ ಹೋಗುತ್ತಿತ್ತು. ತಿಪಟೂರಿನಿಂದ ಉತ್ತರ ಭಾರತಕ್ಕೆ ಹೋಗುವ ಕೊಬ್ಬರಿ ಲಾರಿಗಳನ್ನು ಬಾಲ್ಯದಿಂದ ನೋಡಿದ ತಮ್ಮ ಅವಳ ಹಿಂದೆ ಬಂದು ನಿಂತ. ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಕೇಳಿದ: "ಬರುವಾಗ ಲೋಡು ಸಿಗ್ತದೇನವ್ವ, ಇಲ್ಲಾ ಖಾಲಿ ಬರಬೇಕಾ?"

ಮಗಳು ಸ್ವಲ್ಪ ಪಕ್ಕಕ್ಕೆ ಸರಿದು ಅಪ್ಪನಿಗೆ ಜಾಗ ಮಾಡಿಕೊಟ್ಟಳು.