ನೋಡುವುದಕ್ಕೂ ಒಂದು ವ್ರತ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ನಮ್ಮ ಸಮಾಜದ ಮನೆಗಳಲ್ಲಿ ಪ್ರವಾಸವೆಂಬುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ಹಿಂದಿನವರು ವರ್ಷಕ್ಕೊಮ್ಮೆ ಮಳಖೇಡದ ನೇಮಿನಾಥ ಬಸದಿಗೆ ಹೋಗಿಬಂದು, ಬಾಳಿನಲ್ಲೊಮ್ಮೆ ಶ್ರವಣಬೆಳಗೊಳದ ದರ್ಶನವಾದರೆ ಧನ್ಯರಾದೆವೆನ್ನುತ್ತಿದ್ದರು. ಇಂದು ಬೇಸಿಗೆಯ ರಜೆಯಲ್ಲಿ ಮೂಡಬಿದಿರೆ, ಕಾರ್ಕಳಗಳ ಯಾತ್ರೆಯ ಜೊತೆಗೆ ಕರಾವಳಿಯ ದೋಣಿವಿಹಾರವೂ ಸೇರಿಕೊಳ್ಳುತ್ತದೆ. ಮಕ್ಕಳು ಹೊರದೇಶದಲ್ಲಿ ನೆಲೆಸಿರುವ ಮನೆಗಳ ಹಿರಿಯರು ಸಾಗರ ದಾಟಿ ಹೋಗಿಬರುತ್ತಾರೆ. ಉಣ್ಣುವುದಕ್ಕೆ, ಗಳಿಸುವುದಕ್ಕೆ, ಆಡುವ ಮಾತಿಗೆ ಮಿತಿಯನ್ನು ಕಲಿಸಿದ ನಮ್ಮ ಧರ್ಮವು ನೋಡುವುದಕ್ಕೂ ಮಿತಿಯನ್ನು ಹೇಳಿದೆಯೇ? ಈ ಪ್ರಶ್ನೆ ನನಗೆ ಎದುರಾದುದು ಅಂಥದೊಂದು ಪ್ರವಾಸದಲ್ಲಿ.

2025ರ ಜುಲೈ ತಿಂಗಳಲ್ಲಿ ನಾನು ಅಮೆರಿಕದ ಸಿಯಾಟಲ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಆ ನಗರದ ಉತ್ತರಕ್ಕೆ ದ್ವೀಪಗಳಿಂದ ತುಂಬಿದ ಕಡಲಿದೆ. ಅಲ್ಲಿ ಓರ್ಕಾ ಎಂಬ ಜಲಚರವು ಸ್ವೇಚ್ಛೆಯಿಂದ ಸಂಚರಿಸುತ್ತದೆ. ಅದನ್ನು ಕಾಣಲೆಂದು ಬೇಸಿಗೆಯುದ್ದಕ್ಕೂ ಯಾತ್ರಿಕರನ್ನು ತುಂಬಿಕೊಂಡ ಯಂತ್ರದೋಣಿಗಳು ಹೊರಡುತ್ತವೆ. ಮೊಮ್ಮಗನಿಗೆ ದೋಣಿಯಲ್ಲಿಯೇ ಹೋಗಬೇಕೆಂಬ ಹಟ. ಮಗಳು ಮಾತ್ರ, "ಅಪ್ಪಾಜಿ, ಟಿಕೆಟ್ ತೆಗೆಸುವ ಮುನ್ನ ನೀವು ಒಂದು ಮಾತು ಹೇಳಿರಿ. ಈಗ ಚಾತುರ್ಮಾಸ" ಎಂದಳು. ಅವಳ ಮಾತು ನನ್ನನ್ನು ಆಲೋಚನೆಗೆ ಹಚ್ಚಿತು. ಕಾಲಡಿಯ ಜೀವರಾಶಿಗೆ ಬಾಧೆಯಾಗದಿರಲೆಂದು ನಮ್ಮ ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಗೊಳ್ಳುವ ಆ ತಿಂಗಳುಗಳೇ ಅಲ್ಲಿಯ ದೋಣಿವಿಹಾರದ ಸುಗ್ಗಿಯ ಕಾಲ.

ಓರ್ಕಾವನ್ನು ಜನರು ತಿಮಿಂಗಿಲವೆಂದು ಕರೆದರೂ ಅದು ಡಾಲ್ಫಿನ್ ಕುಟುಂಬದಲ್ಲಿಯೇ ದೊಡ್ಡದು. ಮೈ ಕಪ್ಪು, ಹೊಟ್ಟೆ ಬಿಳುಪು; ಗಂಡಿನ ಬೆನ್ನಿನ ರೆಕ್ಕೆ ಆಳೆತ್ತರಕ್ಕೆ ನಿಲ್ಲುತ್ತದೆ. ನಮ್ಮ ಶಾಸ್ತ್ರದ ವಿಭಾಗದಂತೆ ಅದು ಸಂಜ್ಞಿ ಪಂಚೇಂದ್ರಿಯ ತಿರ್ಯಂಚ ಜೀವ. ಐದು ಇಂದ್ರಿಯಗಳ ಜೊತೆಗೆ ಮನಸ್ಸೂ ಉಳ್ಳದ್ದು. ಆ ಕಡಲಿನಲ್ಲಿ ಮೀನನ್ನಷ್ಟೇ ತಿಂದು ಬದುಕುವ ಒಂದು ಪಂಗಡವಿದೆ. ಅದರಲ್ಲಿ ಗಂಡುಮಕ್ಕಳೂ ಹೆಣ್ಣುಮಕ್ಕಳೂ ಬಾಳಿನುದ್ದಕ್ಕೂ ತಾಯಿಯ ಜೊತೆಯಲ್ಲಿಯೇ ಇರುತ್ತವೆ. ಮುಪ್ಪಾದ ಅಜ್ಜಿಯರು ಮುಂದೆ ನಡೆದು ಮೀನಿರುವ ಕಡೆಗೆ ಕರೆದೊಯ್ಯುತ್ತಾರೆ. ಈ ಪಂಗಡದಲ್ಲಿ ಈಗ ಉಳಿದಿರುವವು ಎಪ್ಪತ್ತರ ಆಸುಪಾಸು ಮಾತ್ರ. 2018ರಲ್ಲಿ ಇದೇ ಪಂಗಡದ ಒಂದು ತಾಯಿ ಹುಟ್ಟಿದೊಡನೆ ಸತ್ತ ಮರಿಯನ್ನು ತಲೆಯ ಮೇಲೆ ಹೊತ್ತು 17 ದಿನ ಈಜಿದ್ದನ್ನು ಜಗತ್ತೇ ನೋಡಿತು. 2025ರ ಆರಂಭದಲ್ಲಿ ಇನ್ನೊಂದು ಮರಿಯನ್ನು ಕಳೆದುಕೊಂಡಾಗ ಆ ತಾಯಿ ಮತ್ತೆ ಹಾಗೆಯೇ ಮಾಡಿತು. ತಿರ್ಯಂಚಗಳಿಗೆ ಮೋಹವೂ ದುಃಖವೂ ಉಂಟೆಂದು ಪುರಾಣಗಳಲ್ಲಿ ಕೇಳಿದವರಿಗೆ ಇದು ಹೊಸ ಮಾತಲ್ಲ.

ಮನುಷ್ಯನು ಈ ಜೀವಿಯನ್ನು ನೋಡಿದ ಬಗೆ ಕಾಲಕಾಲಕ್ಕೆ ಬದಲಾಗಿದೆ. ಮೊದಲು ಇದನ್ನು ಕೊಲೆಗಾರನೆಂದು ಹೆಸರಿಸಿ ಗುಂಡು ಹೊಡೆಯುತ್ತಿದ್ದರು. ಅನಂತರ ಹಿಡಿದು ತೊಟ್ಟಿಯಲ್ಲಿಟ್ಟು ಪ್ರದರ್ಶಿಸಿದರು. 1970ರಲ್ಲಿ ಪೆನ್ ಕೋವ್ ಎಂಬ ಕೊಲ್ಲಿಯಲ್ಲಿ ಬಲೆಯೊಡ್ಡಿ, ತಾಯಂದಿರು ನೋಡುತ್ತಿರುವಂತೆಯೇ ಮರಿಗಳನ್ನು ಬೇರ್ಪಡಿಸಿ ಒಯ್ದರು. ಹಾಗೆ ಒಯ್ದ ಒಂದು ಹೆಣ್ಣುಮರಿ ಐವತ್ತಕ್ಕೂ ಹೆಚ್ಚು ವರ್ಷ ಮಯಾಮಿಯ ತೊಟ್ಟಿಯೊಂದರಲ್ಲಿದ್ದು 2023ರ ಆಗಸ್ಟ್‌ನಲ್ಲಿ ಸತ್ತಿತು. 1976ರಲ್ಲಿ ವಾಷಿಂಗ್ಟನ್ ರಾಜ್ಯದ ಕಡಲಿನಲ್ಲಿ ಈ ಹಿಡಿಯುವಿಕೆ ನಿಂತಿತು. ಸ್ವತಂತ್ರವಾಗಿರುವ ಜೀವಿಯನ್ನು ಅದರ ನೆಲೆಯಲ್ಲಿಯೇ ನೋಡಬೇಕೆಂಬ ಆಶಯ ಬಲವಾದಂತೆ ದೋಣಿವಿಹಾರವೂ ಬೆಳೆಯಿತು. ತೊಟ್ಟಿಗೆ ಹೋಲಿಸಿದರೆ ಇದು ಬಹು ದೊಡ್ಡ ಸುಧಾರಣೆ. ದೋಣಿಯ ಮೇಲಿನ ತಿಳಿವಳಿಕಸ್ಥ ಮಾರ್ಗದರ್ಶಿಗಳು ಸಾವಿರಾರು ಜನರ ಮನಸ್ಸಿನಲ್ಲಿ ಕರುಣೆಯನ್ನು ಬಿತ್ತಿದ್ದಾರೆ. ಇದನ್ನು ಮರೆತು ದೋಣಿಯವರನ್ನು ದೂಷಿಸುವುದು ಅನೇಕಾಂತವನ್ನು ಒಪ್ಪಿದವರಿಗೆ ತಕ್ಕುದಲ್ಲ.

ಆದರೆ ಮತ್ತೊಂದು ಪಕ್ಷವೂ ಇದೆ. ಓರ್ಕಾ ಕಣ್ಣಿಗಿಂತ ಹೆಚ್ಚಾಗಿ ಕಿವಿಯಿಂದ ಬದುಕುವ ಜೀವಿ. ತಾನು ಹೊರಡಿಸಿದ ಸದ್ದು ಮೀನಿಗೆ ತಾಗಿ ಮರಳುವುದನ್ನು ಆಲಿಸಿ ಆಹಾರವನ್ನು ಕಂಡುಕೊಳ್ಳುತ್ತದೆ. ಯಂತ್ರದ ಗದ್ದಲ ನೀರಿನಲ್ಲಿ ತುಂಬಿದಾಗ ಆ ಪ್ರತಿಧ್ವನಿ ಮುಚ್ಚಿಹೋಗುತ್ತದೆ. ದೋಣಿಗಳು ಸಮೀಪವಿದ್ದಾಗ ಹೆಣ್ಣು ಓರ್ಕಾಗಳು ಮೀನನ್ನರಸುವುದನ್ನೇ ಕಡಿಮೆ ಮಾಡುವುದನ್ನು ಸಂಶೋಧಕರು ಗುರುತಿಸಿದ್ದಾರೆ. ಅವುಗಳ ಮುಖ್ಯ ಆಹಾರವಾದ ಚಿನೂಕ್ ಮೀನು ಕ್ಷೀಣಿಸಿದೆ, ನೀರಿನಲ್ಲಿ ವಿಷದ್ರವ್ಯಗಳಿವೆ, ಇವೆರಡರ ಮೇಲೆ ಗದ್ದಲದ ಹೊರೆ. ಆದುದರಿಂದ 2025ರ ಜನವರಿಯಿಂದ ಆ ರಾಜ್ಯದ ಕಾನೂನು ಈ ಪಂಗಡಕ್ಕೆ 1,000 ಗಜಗಳಷ್ಟು, ಎಂದರೆ ಒಂದು ಕಿಲೋಮೀಟರಿಗೆ ತುಸು ಕಡಿಮೆ, ದೂರದಲ್ಲಿಯೇ ದೋಣಿಗಳು ಇರಬೇಕೆಂದು ವಿಧಿಸಿದೆ. ಈ ಗದ್ದಲ ಮಾಡುವವರಲ್ಲಿ ಯಾರೂ ದ್ವೇಷದಿಂದ ಬಂದವರಲ್ಲ, ಪ್ರೀತಿಯಿಂದಲೇ ನೋಡಬಂದವರು. ಆದರೂ ಹಸಿದ ತಾಯಿಯ ಬಾಯಿಂದ ತುತ್ತು ಜಾರುತ್ತದೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥರಿಗೆ ಹೇಳಿದ ಮೂರು ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಪ್ರಯೋಜನವಿಲ್ಲದೆ ಜೀವಿಗಳಿಗೆ ಒದಗುವ ಪೀಡೆಯಿಂದ ದೂರವಿರುವುದೇ ಆ ವ್ರತ. ಅನರ್ಥದಂಡದ ಐದು ಭೇದಗಳಲ್ಲಿ ಪ್ರಮಾದಚರ್ಯೆ ಕೊನೆಯದು. ವ್ಯರ್ಥವಾಗಿ ನೆಲವನ್ನು ಅಗೆಯುವುದು, ನೀರನ್ನು ಕಲಕುವುದು, ಗಿಡವನ್ನು ಕಡಿಯುವುದು ಮುಂತಾದವುಗಳೊಡನೆ, ಕಾರಣವಿಲ್ಲದೆ ತಾನು ಅಲೆಯುವುದನ್ನೂ ಇತರರನ್ನು ಅಲೆಸುವುದನ್ನೂ ಆಚಾರ್ಯರು ಅದರಲ್ಲಿ ಸೇರಿಸಿದ್ದಾರೆ. ಇತರರನ್ನು ಅಲೆಸುವುದೆಂದರೆ ಆಳುಕಾಳುಗಳನ್ನು ಓಡಾಡಿಸುವುದೆಂದಷ್ಟೇ ನಾನು ತಿಳಿದಿದ್ದೆ. ದೋಣಿಯ ಮುಂದೆ ದಿಕ್ಕು ಬದಲಿಸುತ್ತ ಈಜುವ ಜೀವಿಗೂ ಆ ಮಾತು ಸಲ್ಲುತ್ತದೆಂದು ಆ ದಿನ ತೋರಿತು. ಪ್ರವಾಸವೇ ಬೇಡವೆಂದು ಆಚಾರ್ಯರು ಹೇಳಲಿಲ್ಲ. ನಮ್ಮ ಅಲೆದಾಟವು ಇನ್ನೊಂದು ಜೀವವನ್ನು ಅಲೆಸದಿರಲಿ ಎಂಬುದೇ ಅವರ ಎಚ್ಚರಿಕೆ.

ಇದನ್ನು ಮೊಮ್ಮಗನಿಗೆ ತಿಳಿಸಿದಾಗ, "ಮುತ್ಯಾ, ದೂರದಿಂದ ನೋಡಿದರೆ ನೋಡಿದಂತಾಗುತ್ತದೆಯೇ?" ಎಂದು ಕೇಳಿದ. ಅದಕ್ಕೆ ಉತ್ತರ ಹುಡುಕಲೆಂದು ಸ್ಯಾನ್ ವಾನ್ ದ್ವೀಪದ ಪಶ್ಚಿಮದ ದಂಡೆಗೆ ಹೋದೆವು. ಅಲ್ಲಿ ಬಂಡೆಯ ಮೇಲೆ ಕುಳಿತೇ ಓರ್ಕಾಗಳನ್ನು ಕಾಣಬಹುದಾದ ಲೈಮ್ ಕಿಲ್ನ್ ಪಾಯಿಂಟ್ ಎಂಬ ಉದ್ಯಾನವಿದೆ. ಸುಣ್ಣದ ಭಟ್ಟಿಯೆಂದು ಆ ಹೆಸರಿನ ಅರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಸುಣ್ಣದ ಕಲ್ಲನ್ನು ಸುಡುತ್ತಿದ್ದ ಹಳೆಯ ಭಟ್ಟಿ ಇಂದಿಗೂ ನಿಂತಿದೆ. ವಾಡಿಯ ಸಿಮೆಂಟ್ ಕಾರ್ಖಾನೆಯನ್ನೂ ಶಹಾಬಾದದ ಫರಸಿಯನ್ನೂ ನೋಡುತ್ತ ಬೆಳೆದ ನನಗೆ ಆ ಕಲ್ಲು ಪರಕೀಯವೆನಿಸಲಿಲ್ಲ. ನಮ್ಮ ಭೀಮಾ, ಕಾಗಿಣಾ ತೀರದ ಸುಣ್ಣದ ಕಲ್ಲೂ ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರಗಟ್ಟಿದುದೇ.

ನಾಲ್ಕು ಗಂಟೆ ಕಾದ ಮೇಲೆ ಮೊದಲು ಉಸಿರಿನ ಸದ್ದು ಕೇಳಿತು. ಆಮೇಲೆ ಐದು ಕಪ್ಪು ರೆಕ್ಕೆಗಳು ದಂಡೆಗೆ ಸಮೀಪವಾಗಿಯೇ ಸಾಗಿದವು. ಇವು ಮೀನು ತಿನ್ನುವ ಪಂಗಡವಲ್ಲ, ಸೀಲ್ ಪ್ರಾಣಿಯನ್ನು ಬೇಟೆಯಾಡುವವು ಎಂದು ಅಲ್ಲಿದ್ದ ಮಾರ್ಗದರ್ಶಿ ಹೇಳಿದರು. ಮೊಮ್ಮಗ ನನ್ನ ಮುಖ ನೋಡಿದ. ಹಿಂಸೆಯಿಂದಲೇ ಬದುಕುವ ಜೀವಿಗೂ ನಾವು ಅಹಿಂಸೆಯನ್ನು ಪಾಲಿಸಬೇಕೇ ಎಂಬುದು ಅವನ ಮನಸ್ಸಿನಲ್ಲಿದ್ದ ಮಾತು. ಅದರ ಬಾಳು ಅದರ ಕರ್ಮಕ್ಕೆ ಅನುಸಾರವಾದುದು. ವ್ರತವನ್ನು ಆಯ್ದುಕೊಳ್ಳುವ ವಿವೇಕ ಮನುಷ್ಯನಿಗಿರುವುದರಿಂದ ಹೊಣೆಯೂ ನಮ್ಮದೇ ಎಂದೆ. ಓರ್ಕಾಗಳು ಐದಾರು ನಿಮಿಷಗಳಲ್ಲಿ ಕಣ್ಮರೆಯಾದವು. ನಾವು ಅಲ್ಲಿದ್ದೆವೆಂಬುದು ಅವುಗಳ ಅರಿವಿಗೂ ಬಂದಿರಲಾರದು. ಮೊಮ್ಮಗನ ಪ್ರಶ್ನೆಗೆ ಬೇರೆ ಉತ್ತರ ಬೇಕಾಗಲಿಲ್ಲ.

ಈ ವಿಚಾರ ದೂರದ ದೇಶಕ್ಕಷ್ಟೇ ಸಂಬಂಧಿಸಿದ್ದಲ್ಲ. ಕಾಳಿ ನದಿ ಕಡಲನ್ನು ಸೇರುವ ಕಾರವಾರದಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳನ್ನು ತೋರಿಸುವ ದೋಣಿಗಳಿವೆ. ನಮ್ಮ ಯಾತ್ರೆಯ ಬಸ್ಸುಗಳೂ ಅತ್ತ ಹೋಗುತ್ತವೆ. 1972ರ ವನ್ಯಜೀವಿ ಕಾಯಿದೆಯು ಡಾಲ್ಫಿನ್‌ಗಳಿಗೆ ರಕ್ಷಣೆ ಕೊಟ್ಟಿದೆ. 2013ರಲ್ಲಿ ಭಾರತ ಸರ್ಕಾರವು ಅವುಗಳನ್ನು ತೊಟ್ಟಿಯಲ್ಲಿಟ್ಟು ಪ್ರದರ್ಶಿಸಲು ಅನುಮತಿ ಕೊಡಬಾರದೆಂದು ರಾಜ್ಯಗಳಿಗೆ ತಿಳಿಸಿತು. ಆದರೆ "ಇನ್ನೂ ಹತ್ತಿರ ಒಯ್ಯಿರಿ" ಎಂದು ಅಂಬಿಗನನ್ನು ಪೀಡಿಸುವ ನಾಲಿಗೆಯನ್ನು ಕಾಯಿದೆ ತಡೆಯಲಾರದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಒಂದೇ ಎಂದು ತಿಳಿದವರು ನಾವು. ದೋಣಿ ಓಡಿಸಿದವನು ಅಂಬಿಗ, ನಮಗೇನು ದೋಷ ಎನ್ನುವಂತಿಲ್ಲ.

ಯಾತ್ರೆಗಳನ್ನು ಏರ್ಪಡಿಸುವ ಬಸದಿಯ ಟ್ರಸ್ಟುಗಳವರಲ್ಲಿ ನನ್ನ ವಿನಂತಿ ಇಷ್ಟೇ. ದಡದಿಂದ ಕಾಣುವುದಾದರೆ ದಡದಿಂದಲೇ ತೋರಿಸಿರಿ. ದೋಣಿಯಲ್ಲಿ ಹೋಗುವುದಾದರೆ, ಜೀವಿ ಕಂಡೊಡನೆ ಯಂತ್ರವನ್ನು ನಿಲ್ಲಿಸಬೇಕು, ಬೆನ್ನಟ್ಟಬಾರದು ಎಂಬ ಕರಾರನ್ನು ಬಾಡಿಗೆಯ ಮಾತಿನೊಂದಿಗೇ ಮಾಡಿಕೊಳ್ಳಿರಿ. ಏನೂ ಕಾಣದಿದ್ದರೂ ಪೂರ್ತಿ ಹಣ ಕೊಡುವೆವೆಂದು ಮೊದಲೇ ಹೇಳಿಬಿಟ್ಟರೆ ಅಂಬಿಗನಿಗೂ ಬೆನ್ನಟ್ಟುವ ಒತ್ತಡವಿರದು. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮವಾಗಿದೆ. ತೋಳ, ಕತ್ತೆಕಿರುಬಗಳು ಅಲ್ಲಿವೆ. ಚಂದ್ರಂಪಳ್ಳಿ ಜಲಾಶಯದ ದಂಡೆಗೆ ಮಕ್ಕಳನ್ನು ಕರೆದೊಯ್ದು ಒಂದು ಗಂಟೆ ಮಾತಿಲ್ಲದೆ ಕುಳ್ಳಿರಿಸಿದರೆ, ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ ಗುಣವ್ರತ ಅವರ ಅನುಭವಕ್ಕೆ ಬಂದೀತು. ಏನು ಕಂಡರೂ, ಏನೂ ಕಾಣದಿದ್ದರೂ, ಅವರು ಕುಳಿತ ಜಾಗದಿಂದ ಯಾವ ಜೀವಿಯೂ ಹೆದರಿ ಓಡದಿದ್ದರೆ ಆ ಗಂಟೆ ಸಾರ್ಥಕವಾದಂತೆ.